ಗೋವಾದ ಡೀಸೆಲ್ ಕಾರು ಕೊಳ್ಳುವ ಮುನ್ನ: ಬೆಳಗ್ಗಿನ ಮೊದಲ ಸ್ಟಾರ್ಟ್ ಹೇಳುವ ಸತ್ಯ

ಜಿಎ ನಂಬರಿನ ಡೀಸೆಲ್ ಕಾರು. ದಪ್ಪ ಟಯರು, ಎಲ್‌ಇಡಿ ಬಾರ್, ಕಪ್ಪು ಗ್ಲಾಸು, ಗುಡುಗುವ ಸೈಲೆನ್ಸರ್. ಬೆಲೆಯೂ ಕೈಗೆಟುಕುವಂತಿದೆ. ಮಡ್‌ಗಾಂವ್‌ನಲ್ಲಿ ನೋಡಲು ಹೋದಾಗ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆದ ಕಾರು, ಊರಿಗೆ ತಂದ ಮರುದಿನ ಬೆಳಗ್ಗೆ ಎಷ್ಟು ಸೆಲ್ಫ್ ಹೊಡೆದರೂ ಏಳುವುದಿಲ್ಲ. ಫೋನ್ ಮಾಡಿದರೆ, "ಡೀಸೆಲ್ ಅಲ್ವಾ, ಚಳಿಗೆ ಹಾಗೆ ಆಗ್ತದೆ" ಎಂಬ ಸಮಾಧಾನ.

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಆಗಾಗ ಕೇಳುವ ಮಾತಿದು. ಆದರೆ ನಮ್ಮ ಕರಾವಳಿಯಲ್ಲಿ ಈ ಮಾತಿಗೆ ಅರ್ಥವೇ ಇಲ್ಲ. ಜನವರಿಯಲ್ಲೂ ಪಣಜಿಯ ಕನಿಷ್ಠ ತಾಪಮಾನ ಸರಾಸರಿ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಮಂಗಳೂರಿನದ್ದೂ ಹೆಚ್ಚುಕಡಿಮೆ ಅಷ್ಟೇ. ಡೀಸೆಲ್ ಹೆಪ್ಪುಗಟ್ಟುವ ಚಳಿ ಇರುವುದು ಲಡಾಖ್‌ನಂಥ ಕಡೆ. ಅಲ್ಲಿಗಾಗಿ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಚಳಿಗಾಲದ ಡೀಸೆಲ್ ಬಿಡುಗಡೆ ಮಾಡಿತು. ಗೋವಾದಲ್ಲೋ ಉಳ್ಳಾಲದಲ್ಲೋ ಡೀಸೆಲ್ ಕಾರು ಬೆಳಗ್ಗೆ ಏಳಲು ಒದ್ದಾಡುತ್ತಿದ್ದರೆ ತಪ್ಪು ಹವಾಮಾನದ್ದಲ್ಲ, ಕಾರಿನದ್ದು.

ಗೋವಾದ ಕಾರು ಯಾಕೆ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಗೋವಾದ ಸುಮಾರು 45 ಶೇಕಡಾ ಮನೆಗಳಲ್ಲಿ ಕಾರಿದೆ. ದೇಶದ ಸರಾಸರಿ 8 ಶೇಕಡಾವನ್ನೂ ಮುಟ್ಟುವುದಿಲ್ಲ. ಕಾರು ಹೆಚ್ಚಿರುವಲ್ಲಿ ಹಳೆಯ ಕಾರಿನ ವ್ಯಾಪಾರವೂ ಹೆಚ್ಚು. ರಾಷ್ಟ್ರೀಯ ಹೆದ್ದಾರಿ 66 ಹಿಡಿದರೆ ಕಾರವಾರ, ಉಡುಪಿ ದಾಟಿ ಸೀದಾ ಮಂಗಳೂರು. ಬಡ್ಡಿ ಸಾಲ ಬೇಡ, ಕೈಯಲ್ಲಿರುವ ದುಡ್ಡಿಗೆ ಒಂದು ಒಳ್ಳೆಯ ಕಾರು ಸಿಕ್ಕರೆ ಸಾಕು ಎನ್ನುವ ಕುಟುಂಬಗಳಿಗೆ ಇದು ಅನುಕೂಲವೇ. ಆದರೆ ಗಲ್ಫ್‌ನಲ್ಲಿ ದುಡಿದು ಉಳಿಸಿದ ಹಣ ಒಮ್ಮೆ ತಪ್ಪು ಕಾರಿಗೆ ಹೋದರೆ ಮತ್ತೆ ಕೂಡಿಸಲು ವರ್ಷಗಳೇ ಬೇಕು.

ಇನ್ನೊಂದು ವಿಷಯ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದಾಗ ಮಾರುತಿ ಸುಝುಕಿ ಡೀಸೆಲ್ ಕಾರು ನಿಲ್ಲಿಸಿತು. ಹಾಗಾಗಿ ಇವತ್ತು ಸಿಗುವ ಡೀಸೆಲ್ ಸ್ವಿಫ್ಟ್, ಡಿಸೈರ್‌ಗಳಿಗೆಲ್ಲ ಐದು ವರ್ಷ ದಾಟಿದೆ. ವಯಸ್ಸಾದ ಎಂಜಿನ್‌ಗಳ ನಿಜವಾದ ಆರೋಗ್ಯ ಗೊತ್ತಾಗುವುದು ಬೆಳಗ್ಗಿನ ಮೊದಲ ಸ್ಟಾರ್ಟ್‌ನಲ್ಲೇ.

ಡೀಸೆಲ್ ಎಂಜಿನ್ ಏಳುವುದು ಹೇಗೆ?

ಪೆಟ್ರೋಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಕಿಡಿ ಹಚ್ಚುತ್ತದೆ. ಡೀಸೆಲ್‌ನಲ್ಲಿ ಕಿಡಿಯೇ ಇಲ್ಲ. ಪಿಸ್ಟನ್ ಗಾಳಿಯನ್ನು ಸುಮಾರು 16-18ನೇ ಒಂದು ಪಾಲಿಗೆ ಅದುಮುತ್ತದೆ. ಅದುಮಿದ ಗಾಳಿ ನೂರಾರು ಡಿಗ್ರಿ ಬಿಸಿಯಾಗುತ್ತದೆ. ಆಗ ಚಿಮ್ಮಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ.

ರಾತ್ರಿಯಿಡೀ ನಿಂತ ಎಂಜಿನ್‌ನ ಲೋಹ ತಣ್ಣಗಿರುತ್ತದೆ. ಈ ಬಿಸಿಯನ್ನು ಅದು ಎಳೆದುಕೊಳ್ಳುತ್ತದೆ. ಆದ್ದರಿಂದ ಮೊದಲ ಸ್ಟಾರ್ಟ್‌ಗೆ ಮೂರು ಸಂಗತಿ ಸರಿಯಾಗಿರಬೇಕು: ಎಂಜಿನನ್ನು ಜೋರಾಗಿ ತಿರುಗಿಸುವ ಬ್ಯಾಟರಿ, ಗಾಳಿ ಸೋರದ ಸಿಲಿಂಡರ್, ಸರಿಯಾದ ಒತ್ತಡದಲ್ಲಿ ಬರುವ ಡೀಸೆಲ್. ಇದಕ್ಕೆ ಸಹಾಯಕ ಗ್ಲೋ ಪ್ಲಗ್. ಕೀ ಆನ್ ಮಾಡಿದಾಗ ಡ್ಯಾಶ್‌ಬೋರ್ಡಿನಲ್ಲಿ ಸುರುಳಿಯಾಕಾರದ ಹಳದಿ ದೀಪ ಬರುತ್ತದಲ್ಲ, ಅದೇ ಅದರ ಸೂಚನೆ. ದೀಪ ಆರಿದ ಮೇಲೆಯೇ ಸೆಲ್ಫ್ ಹೊಡೆಯಬೇಕು. ನಮ್ಮ ಹುಡುಗರಲ್ಲಿ ಅನೇಕರು ಆ ಎರಡು ಸೆಕೆಂಡ್ ಕಾಯುವುದಿಲ್ಲ.

ಹಳೆಯ ಕಾಲದ ಡೀಸೆಲ್ ಎಂಜಿನ್‌ಗಳಿಗೆ ಗ್ಲೋ ಪ್ಲಗ್ ಬೇಕೇಬೇಕು. ಕಾಮನ್ ರೇಲ್ ಎಂಜಿನ್‌ಗಳು 20 ಡಿಗ್ರಿ ಹವೆಯಲ್ಲಿ ಅದು ಕೆಟ್ಟಿದ್ದರೂ ಸಾಮಾನ್ಯವಾಗಿ ಏಳುತ್ತವೆ. ಹಾಗಾಗಿ ಕರಾವಳಿಯಲ್ಲಿ ಗ್ಲೋ ಪ್ಲಗ್ ಕೆಟ್ಟದ್ದು ಗೊತ್ತೇ ಆಗುವುದಿಲ್ಲ. ಡಿಸೆಂಬರ್‌ನಲ್ಲಿ ಮಡಿಕೇರಿಗೋ ಚಿಕ್ಕಮಗಳೂರಿಗೋ ಹೋದಾಗ ಬಯಲಾಗುತ್ತದೆ. ಕಾಮನ್ ರೇಲ್ ಕಾರು ಕರಾವಳಿಯಲ್ಲೇ ಏಳದಿದ್ದರೆ ಗ್ಲೋ ಪ್ಲಗ್ ಒಂದೇ ಕಾರಣ ಎಂದು ನಂಬಿ ಕೂರಬಾರದು.

ಲಕ್ಷಣ ನೋಡಿ ರೋಗ ತಿಳಿಯಿರಿ

- ಎಂಜಿನ್ ನಿಧಾನಕ್ಕೆ ತಿರುಗುತ್ತದೆ, ದೀಪಗಳು ಮಂಕಾಗುತ್ತವೆ: ಬ್ಯಾಟರಿ, ಅರ್ಥ್ ವಯರ್ ಅಥವಾ ತುಕ್ಕು ಹಿಡಿದ ಟರ್ಮಿನಲ್. ರಾತ್ರಿ ನಿಂತ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ.

- ಜೋರಾಗಿ ತಿರುಗುತ್ತದೆ, ಹೊಗೆಯೇ ಇಲ್ಲ: ಡೀಸೆಲ್ ಸಿಲಿಂಡರ್‌ಗೆ ತಲುಪುತ್ತಿಲ್ಲ. ಪೈಪಿನಲ್ಲಿ ಗಾಳಿ ಹೊಕ್ಕಿರಬಹುದು, ಫಿಲ್ಟರ್ ಕಟ್ಟಿರಬಹುದು, ಇಂಜೆಕ್ಟರ್ ಸೋರಿ ಒತ್ತಡ ಏರದೆ ಇರಬಹುದು. ಕೈಪಂಪ್ ಇರುವ ಕಾರಿನಲ್ಲಿ ನಾಲ್ಕು ಸಲ ಒತ್ತಿದ ಕೂಡಲೇ ಎದ್ದರೆ ಗಾಳಿಯದ್ದೇ ತೊಂದರೆ.

- ಬಿಳಿ ಹೊಗೆ, ಹಸಿ ಡೀಸೆಲ್ ವಾಸನೆ: ಡೀಸೆಲ್ ಬರುತ್ತಿದೆ, ಉರಿಯುತ್ತಿಲ್ಲ. ಗ್ಲೋ ಪ್ಲಗ್, ಇಂಜೆಕ್ಟರ್ ಅಥವಾ ಕಂಪ್ರೆಷನ್ ನೋಡಬೇಕು. ಕಂಪ್ರೆಷನ್ ಹೋಗಿದ್ದರೆ ಎಂಜಿನ್ ಬಿಚ್ಚುವ ಖರ್ಚು.

- ನೀಲಿ ಹೊಗೆ: ಎಂಜಿನ್ ಆಯಿಲ್ ಉರಿಯುತ್ತಿದೆ.

- ಎದ್ದು ಮತ್ತೆ ನಿಲ್ಲುತ್ತದೆ, ಮಳೆಗಾಲದಲ್ಲಿ ಜಾಸ್ತಿ: ಡೀಸೆಲ್‌ನಲ್ಲಿ ನೀರು ಸೇರಿರಬಹುದು. ಫಿಲ್ಟರಿನ ಅಡಿಯಿಂದ ನೀರು ತೆಗೆಯಬೇಕು.

ಒಂದೇ ಸಮನೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆದರೆ ಸ್ಟಾರ್ಟರ್ ಮೋಟಾರೇ ಸುಡಬಹುದು. ಗಾಳಿ ಹೊಗುವ ಜಾಗಕ್ಕೆ ಈಥರ್ ಸ್ಪ್ರೇ ಹೊಡೆಯುವ ಗ್ಯಾರೇಜ್ ಉಪಾಯವಂತೂ ಬೇಡವೇ ಬೇಡ. ಗ್ಲೋ ಪ್ಲಗ್ ಕಾದಿದ್ದರೆ ಅದು ಸ್ಫೋಟಿಸಿ ಎಂಜಿನ್ ಒಡೆಯಬಹುದು.

ಮಾಡಿಫೈ ಮಾಡಿದ್ದರ ಬೆಲೆ

ಇಲ್ಲಿ ಅಲಂಕಾರಕ್ಕೂ ಸ್ಟಾರ್ಟಿಂಗ್‌ಗೂ ಸಂಬಂಧವಿದೆ. ಬ್ಯಾಟರಿಯಿಂದ ಸೀದಾ ವಯರ್ ಎಳೆದ ಆಂಪ್ಲಿಫಯರ್, ರಿಲೇ ಇಲ್ಲದ ಎಲ್‌ಇಡಿ ಬಾರ್, ರಾತ್ರಿಯಿಡೀ ಎಚ್ಚರವಿರುವ ಕ್ಯಾಮೆರಾ ಇವೆಲ್ಲ ಕಾರು ನಿಂತಿರುವಾಗಲೂ ಕರೆಂಟ್ ಕುಡಿಯಬಹುದು. ನಾಲ್ಕು ಗ್ಲೋ ಪ್ಲಗ್ ಮತ್ತು ಸ್ಟಾರ್ಟರ್ ಎರಡನ್ನೂ ಎಳೆಯಬೇಕಾದ ಡೀಸೆಲ್ ಬ್ಯಾಟರಿಗೆ ಬೆಳಗ್ಗೆ ಶಕ್ತಿಯೇ ಉಳಿದಿರುವುದಿಲ್ಲ. ಫ್ಯೂಸ್ ಇಲ್ಲದ ವಯರ್ ಬಿಸಿಯಾದರೆ ಕಾರೇ ಹೊತ್ತಿಕೊಳ್ಳುವ ಅಪಾಯವೂ ಇದೆ.

ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ತಿದ್ದಿ ಪವರ್ ಏರಿಸುವ ರೀಮ್ಯಾಪ್ ಕೂಡ ಹಾಗೆಯೇ. ಪಿಕಪ್ ಸಿಗುತ್ತದೆ, ಖುಷಿಯಾಗುತ್ತದೆ. ಆದರೆ ಟರ್ಬೊ, ಕ್ಲಚ್, ಇಂಜೆಕ್ಟರ್‌ಗಳ ಮೇಲೆ ಹೊರೆ ಬೀಳುತ್ತದೆ. ಮಾರುವಾಗ ಮಾತ್ರ ಇದು ಯಾರ ಬಾಯಲ್ಲೂ ಬರುವುದಿಲ್ಲ.

ಕಾನೂನಂತೂ ಸ್ಪಷ್ಟ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿ ಪ್ರಕಾರ ಹೀಗೆ ಬದಲಿಸಿದ ಮಾಲಕನಿಗೆ ಪ್ರತಿ ಬದಲಾವಣೆಗೆ 5,000 ರೂ. ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಶಬ್ದ ಮತ್ತು ಹೊಗೆ ಮಿತಿ ಮೀರಿದರೆ ಮೊದಲ ಸಲಕ್ಕೇ 10,000 ರೂ.ವರೆಗೆ ದಂಡವಿದೆ. ಮುಂದಿನ-ಹಿಂದಿನ ಗಾಜಿನಲ್ಲಿ 70 ಶೇಕಡಾ, ಪಕ್ಕದ ಗಾಜಿನಲ್ಲಿ 50 ಶೇಕಡಾ ಬೆಳಕು ದಾಟಲೇಬೇಕು. ಸಿಎನ್‌ಜಿ ಅಳವಡಿಕೆ, ವಿಕಲಚೇತನರಿಗಾಗಿ ಮಾಡುವ ಬದಲಾವಣೆಗಳಂಥವಕ್ಕೆ ಆರ್‌ಟಿಒ ಅನುಮತಿ ಪಡೆದು ದಾರಿಯಿದೆ. ದಂಡಕ್ಕಿಂತ ದೊಡ್ಡ ಪೆಟ್ಟು ಅಪಘಾತವಾದಾಗ: ತಿಳಿಸದೆ ಮಾಡಿದ ಬದಲಾವಣೆಯನ್ನು ಮುಂದಿಟ್ಟು ವಿಮಾ ಕಂಪೆನಿ ಕ್ಲೇಮ್‌ಗೆ ತಕರಾರು ತೆಗೆಯಬಹುದು.

ಕೊಳ್ಳುವಾಗ ಏನು ಮಾಡಬೇಕು?

ಮೊದಲನೆಯದಾಗಿ, ಕಾರು ನೋಡಲು ಬೆಳಗ್ಗೆ ಹೋಗಿ. "ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಎಂದು ಮೊದಲೇ ಹೇಳಿ. ತಲುಪಿದ ಕೂಡಲೇ ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಯಾರೋ ಮೊದಲೇ ಎಬ್ಬಿಸಿಟ್ಟಿದ್ದಾರೆ. ಹಾಗಿದ್ದರೆ ಇನ್ನೊಂದು ದಿನ ಬರುತ್ತೇವೆ ಎಂದು ಹೇಳಲು ಸಂಕೋಚ ಬೇಡ. ಸ್ಟಾರ್ಟ್ ಮಾಡುವಾಗ ಒಬ್ಬರು ಸೀಟಿನಲ್ಲಿ, ಇನ್ನೊಬ್ಬರು ಸೈಲೆನ್ಸರ್ ಹಿಂದೆ ನಿಲ್ಲಿ. ಪರಿಚಯದ ಮೆಕ್ಯಾನಿಕ್ ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಎರಡನೆಯದಾಗಿ, ಆರ್‌ಸಿ ಇತಿಹಾಸ ಕೇಳಿ. ಗೋವಾದಲ್ಲಿ ಪ್ರವಾಸಿಗರೇ ಓಡಿಸುವ ಬಾಡಿಗೆ ಕಾರುಗಳಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರುತ್ತದೆ. ಹತ್ತಾರು ಕೈ ದಾಟಿದ ಅಂಥ ಕಾರು ಖಾಸಗಿಯಾಗಿ ಬದಲಾಗಿ ಮಾರಾಟಕ್ಕೆ ಬಂದಿರಲೂಬಹುದು. ಗೋವಾ ಆರ್‌ಟಿಒದಿಂದ ಎನ್‌ಒಸಿ, ಮಾಲಕತ್ವ ವರ್ಗಾವಣೆಯ ಫಾರಂ, ಇಲ್ಲಿಯ ಆಜೀವ ತೆರಿಗೆ ಇವೆಲ್ಲ ಲೆಕ್ಕ ಹಾಕಿದ ಮೇಲೆಯೇ ಬೆಲೆ ಮಾತಾಡಿ. ಬೇರೆ ರಾಜ್ಯದ ಕಾರನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನಂಬರು ಪಡೆಯಲೇಬೇಕು.

ಗಲ್ಫ್‌ಗೆ ಹೊರಟವರಿಗೆ

ಮಾಲಕ ದಮ್ಮಾಮ್‌ನಲ್ಲಿ, ಕಾರು ಮನೆಯಂಗಳದಲ್ಲಿ. ತಿಂಗಳುಗಟ್ಟಲೆ ನಿಂತ ಡೀಸೆಲ್ ಕಾರು ಬೇಗ ಹಾಳಾಗುತ್ತದೆ. ಹೊರಡುವ ಮುನ್ನ ಟ್ಯಾಂಕ್ ತುಂಬಿಸಿ. ಖಾಲಿ ಟ್ಯಾಂಕಿನೊಳಗೆ ತೇವ ನೀರಾಗಿ ಇಳಿಯುತ್ತದೆ. ಓಡಿಸುವವರಿದ್ದರೆ ವಾರಕ್ಕೊಮ್ಮೆ 20 ನಿಮಿಷ ರಸ್ತೆಯಲ್ಲಿ ಓಡಿಸಲಿ. ನಿಂತಲ್ಲೇ ಐದು ನಿಮಿಷ ಆನ್ ಮಾಡಿಟ್ಟರೆ ಸ್ಟಾರ್ಟರ್ ಎಳೆದಷ್ಟು ಚಾರ್ಜ್ ಕೂಡ ತುಂಬಲಿಕ್ಕಿಲ್ಲ. ಯಾರೂ ಇಲ್ಲದಿದ್ದರೆ ಬ್ಯಾಟರಿಯ ನೆಗೆಟಿವ್ ವಯರ್ ಕಳಚಿಡಿ. ಮರಳಿ ಬಂದಾಗ ಬಾನೆಟ್ ತೆರೆದು, ಇಲಿ ವಯರ್ ಕಡಿದಿದೆಯೇ ನೋಡಿದ ನಂತರವೇ ಕೀ ತಿರುಗಿಸಿ.

ಇದೇ ಕಾರನ್ನು ನಾಳೆ ಮಾರುವ ಸರದಿ ನಮ್ಮದೂ ಆಗಬಹುದು. ವಸ್ತುವಿನ ದೋಷ ಮುಚ್ಚಿಟ್ಟು ಮಾರುವುದು ಇಸ್ಲಾಮಿನಲ್ಲಿ ನಿಷಿದ್ಧ. ಗಿರಾಕಿ ಬರುವ ಮೊದಲು ಎಂಜಿನ್ ಬಿಸಿ ಮಾಡಿಡುವುದೂ ದೋಷ ಮುಚ್ಚಿಡುವುದೇ. "ಬೆಳಗ್ಗೆ ಸ್ವಲ್ಪ ಕಷ್ಟ, ಇಂಜೆಕ್ಟರ್ ನೋಡಿಸಬೇಕು" ಎಂದು ಹೇಳಿ ಮಾರಿದರೆ ಕೆಲವು ಸಾವಿರ ಕಡಿಮೆ ಸಿಗಬಹುದು. ಕೊಂಡವನ ಮನೆಯಲ್ಲಿ ಮರುದಿನ ಬೆಳಗ್ಗೆ ನಮಗೆ ಶಾಪ ಬೀಳುವುದಿಲ್ಲ.