ಕಾರ್ಡೂ ಇದೆ, ತುರಿಕೆಯೂ ಇದೆ: ಚರ್ಮವೈದ್ಯರು ಮತ್ತು ಸರ್ಕಾರಿ ವಿಮೆ

'ನಮ್ಮ ಏರಿಯಾದಲ್ಲಿ ಆಯುಷ್ಮಾನ್ ಕಾರ್ಡ್ ತಗೊಳ್ಳೋ ಸ್ಕಿನ್ ಡಾಕ್ಟ್ರು ಯಾರಾದ್ರೂ ಇದ್ದಾರಾ?' ಬೆಂಗಳೂರಿರಲಿ, ಹುಬ್ಬಳ್ಳಿಯಿರಲಿ, ಮೈಮೇಲೆ ಗಜಕರ್ಣವೋ ಕಜ್ಜಿಯೋ ಕಾಣಿಸಿಕೊಂಡ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ಇದು. ಕೇಳಿದವರಿಗೆ ಸರಿಯಾದ ಉತ್ತರ ಸಿಗುವುದು ಅಪರೂಪ. ವೈದ್ಯರ ಕೊರತೆ ಅದಕ್ಕೊಂದು ಕಾರಣ, ನಿಜ. ಆದರೆ ಈ ಒಂದೇ ಪ್ರಶ್ನೆಯೊಳಗೆ ಎರಡು ತಪ್ಪು ಕಲ್ಪನೆಗಳೂ ಸೇರಿಕೊಂಡಿವೆ.

'ಕೆಲವು ಡಾಕ್ಟರು ಕಾರ್ಡ್ ತಗೊಳ್ತಾರೆ, ಕೆಲವರು ತಗೊಳ್ಳಲ್ಲ'

ಕಾರ್ಡಿಗೆ ಸಂಬಂಧವಿರುವುದು ಆಸ್ಪತ್ರೆಯ ಜೊತೆ, ವೈದ್ಯರ ಜೊತೆಯಲ್ಲ. ನಮ್ಮ ರಾಜ್ಯದ 'ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ' ಯೋಜನೆಯನ್ನು ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಈ ಟ್ರಸ್ಟ್ ಒಪ್ಪಂದ ಮಾಡಿಕೊಳ್ಳುವುದು ಆಸ್ಪತ್ರೆಗಳೊಂದಿಗೆ. ಹಾಗಾಗಿ ಬೆಳಿಗ್ಗೆ ನೋಂದಾಯಿತ ಆಸ್ಪತ್ರೆಯಲ್ಲಿ ಕಾರ್ಡಿನ ರೋಗಿಯನ್ನು ನೋಡಿದ ವೈದ್ಯರೇ ಸಂಜೆ ತಮ್ಮ ಸ್ವಂತ ಕ್ಲಿನಿಕ್ಕಿನಲ್ಲಿ ಫೀಸು ಕೇಳಿದರೆ ಅದರಲ್ಲಿ ಮೋಸವೇನಿಲ್ಲ. ಒಂದು ಕುರ್ಚಿ, ಒಂದು ಮೇಜು, ಹೊರಗೊಂದು ಬೆಂಚು ಇರುವ ಕ್ಲಿನಿಕ್ಕುಗಳನ್ನು ಸುತ್ತಿ 'ಕಾರ್ಡ್ ನಡೆಯುತ್ತಾ?' ಎಂದು ಕೇಳುವುದು ಕಾಲಿಗೆ ಕೊಡುವ ಕೆಲಸ ಅಷ್ಟೇ.

'ಐದು ಲಕ್ಷ ಇದೆಯಲ್ಲ, ಐನೂರು ರೂಪಾಯಿ ಫೀಸು ಬರಲ್ವೇ?'

ಬರುವುದಿಲ್ಲ. ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುವ ರಕ್ಷಣೆ ಬಹುಮಟ್ಟಿಗೆ ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಗೆ. ಹೊರರೋಗಿಯಾಗಿ ಹೋಗಿ, ತೋರಿಸಿ, ಮುಲಾಮು ಬರೆಸಿಕೊಂಡು ಬರುವ ಖರ್ಚು ಅದರೊಳಗೆ ಸೇರುವುದಿಲ್ಲ. ಎಪಿಎಲ್ ಕುಟುಂಬಗಳ ಲೆಕ್ಕ ಇನ್ನೂ ಬೇರೆ: ಪ್ಯಾಕೇಜ್ ದರದ ಶೇ 30ರಷ್ಟು ಮಾತ್ರ ಸರ್ಕಾರದ್ದು, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ.

ಚರ್ಮದ ಕಾಯಿಲೆಗಳ ಸ್ವಭಾವ ನೋಡಿದರೆ ಸಮಸ್ಯೆ ಅರ್ಥವಾಗುತ್ತದೆ. ಮೊಡವೆ, ಕಜ್ಜಿ, ಗಜಕರ್ಣ, ಇಸುಬು, ಕೂದಲು ಉದುರುವುದು — ಇವುಗಳಲ್ಲಿ ಯಾವುದಕ್ಕೂ ಸಾಮಾನ್ಯವಾಗಿ ಹಾಸಿಗೆ ಹಿಡಿಯಬೇಕಿಲ್ಲ. ಅಂದರೆ ಹೆಚ್ಚಿನ ಮಂದಿ ಅನುಭವಿಸುವ ಚರ್ಮದ ತೊಂದರೆಗೆ ಈ ಕಾರ್ಡ್ ನೇರವಾಗಿ ಉಪಯೋಗಕ್ಕೆ ಬರುವುದೇ ಇಲ್ಲ ಎಂದರೂ ಅತಿಶಯೋಕ್ತಿಯಾಗದು. ಅದು ಬೇಕಾಗುವುದು ಮಾತ್ರೆಯ ಅಡ್ಡಪರಿಣಾಮದಿಂದ ಮೈಯೆಲ್ಲ ಬೊಬ್ಬೆಯೆದ್ದು ಚರ್ಮ ಸುಲಿಯತೊಡಗಿದಾಗ, ಸೋರಿಯಾಸಿಸ್ ಇಡೀ ಮೈಗೆ ಹರಡಿದಾಗ, ಕಾಲಿನ ಸೋಂಕು ಆಳಕ್ಕಿಳಿದು ಜ್ವರ ಬಂದಾಗ, ಸುಟ್ಟಗಾಯವಾದಾಗ, ಚರ್ಮದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಬೇಕಾದಾಗ. ಅಂಥ ವೇಳೆಯಲ್ಲೂ ಖಾಸಗಿ ಆಸ್ಪತ್ರೆಗೆ ಹೋಗಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ತುರ್ತು ಸ್ಥಿತಿಗೆ ಮಾತ್ರ ವಿನಾಯಿತಿ. ಆಸ್ಪತ್ರೆಯ ಒಳಗೆ ಕಾಲಿಟ್ಟೊಡನೆ ಹುಡುಕಬೇಕಾದದ್ದು ಕಾರ್ಡಿನ ವ್ಯವಹಾರ ನೋಡಿಕೊಳ್ಳುವ ಆರೋಗ್ಯಮಿತ್ರರ ಮೇಜನ್ನು. ಬಿಲ್ ಕಟ್ಟಿದ ಮೇಲೆ ಕಾರ್ಡ್ ತೋರಿಸುವವರು ಹಲವರಿದ್ದಾರೆ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ.

'ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರು ಎಲ್ಲಿರ್ತಾರೆ?'

ಹಾಗಾದರೆ ಕಡಿಮೆ ಖರ್ಚಿನಲ್ಲಿ ತೋರಿಸುವುದೆಲ್ಲಿ? ಕಾರ್ಡೇ ಬೇಡದ ಕಡೆ. ಬೆಂಗಳೂರಿನ ವಿಕ್ಟೋರಿಯಾ ಮತ್ತು ಬೌರಿಂಗ್, ಮೈಸೂರಿನ ಕೆ.ಆರ್. ಆಸ್ಪತ್ರೆ, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಮುಂತಾದ ಬೋಧನಾ ಆಸ್ಪತ್ರೆಗಳಲ್ಲಿ ಚರ್ಮರೋಗದ ಪ್ರತ್ಯೇಕ ವಿಭಾಗವೇ ಇದೆ. ನಾಮಮಾತ್ರ ಶುಲ್ಕ ಕೊಟ್ಟು ಹೊರರೋಗಿ ಚೀಟಿ ಮಾಡಿಸಿದರೆ ಸಾಕು. ವೈದ್ಯಕೀಯ ಕಾಲೇಜು ಇರುವ ಊರಿನವರು ಮೊದಲು ವಿಚಾರಿಸಬೇಕಾದದ್ದು ಅದರ ಆಸ್ಪತ್ರೆಯನ್ನೇ.

ತಾಲ್ಲೂಕಿನ ಮಟ್ಟದಲ್ಲಿ ಚರ್ಮದ ಡಾಕ್ಟರಿಲ್ಲ ಎಂಬ ದೂರು ಸುಳ್ಳಲ್ಲ. ಹುದ್ದೆ ಇದ್ದರೆ ವೈದ್ಯರಿಲ್ಲ, ವೈದ್ಯರಿದ್ದರೆ ವಾರದಲ್ಲಿ ಕೆಲವೇ ದಿನ. ಬಸ್ಸು ಹತ್ತುವ ಮೊದಲು ಫೋನ್ ಮಾಡಿ ಯಾವ ದಿನ ಕೂರುತ್ತಾರೆ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಸ್ಮಾರ್ಟ್‌ಫೋನ್ ಇದ್ದವರಿಗೆ ಸರ್ಕಾರದ ಇ-ಸಂಜೀವಿನಿಯಲ್ಲಿ ಉಚಿತ ಸಮಾಲೋಚನೆಯೂ ಇದೆ. ಚರ್ಮದ ಕಾಯಿಲೆ ಕಣ್ಣಿಗೆ ಕಾಣುವಂಥದ್ದಾದ್ದರಿಂದ ಒಳ್ಳೆಯ ಬೆಳಕಿನಲ್ಲಿ ತೆಗೆದ ಫೋಟೊ ಸಾಕಷ್ಟು ಹೇಳುತ್ತದೆ.

ಇನ್ನೊಂದು ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಚರ್ಮರೋಗ ವಿಭಾಗದ ಬೋರ್ಡಿನ ಮೇಲೆ ಚರ್ಮದ ಜೊತೆ ಲೈಂಗಿಕ ರೋಗ ಮತ್ತು ಕುಷ್ಠರೋಗ ಎಂದೂ ಬರೆದಿರುತ್ತದೆ. ಅದನ್ನು ನೋಡಿಯೇ ಹಿಂದೆ ಸರಿಯುವವರಿದ್ದಾರೆ, ಅದರಲ್ಲೂ ಮದುವೆಯ ವಯಸ್ಸಿನ ಮಗಳನ್ನು ಕರೆತಂದ ತಾಯಂದಿರು. ಆದರೆ ಚರ್ಮವೈದ್ಯರದ್ದು ಮೂರನ್ನೂ ಸೇರಿಸಿ ಕಲಿಸುವ ಒಂದೇ ಸ್ನಾತಕೋತ್ತರ ಪದವಿ. ಫೀಸು ಕೊಟ್ಟು ಖಾಸಗಿಯಾಗಿ ತೋರಿಸುವ ತಜ್ಞರೂ ಅದನ್ನೇ ಓದಿ ಬಂದವರು.

'ಇಎಸ್‌ಐ ಅಂದ್ರೆ ಫ್ಯಾಕ್ಟರಿಯಲ್ಲಿ ಕೈ ಮುರಿದವರಿಗೆ'

ಚರ್ಮದ ಮಟ್ಟಿಗೆ ನಿಜವಾಗಿ ಕೆಲಸಕ್ಕೆ ಬರುವ ಸಾರ್ವಜನಿಕ ವಿಮೆ ಇದ್ದರೆ ಅದು ಇಎಸ್‌ಐ (ನೌಕರರ ರಾಜ್ಯ ವಿಮೆ). ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವ, ಈ ವಿಮೆಗೆ ಒಳಪಟ್ಟ ಕಡೆ ದುಡಿಯುವವರ ವೇತನದಿಂದ ಶೇ 0.75 ಕಡಿತವಾಗುತ್ತದೆ, ಮಾಲೀಕರು ಶೇ 3.25 ಸೇರಿಸುತ್ತಾರೆ. ಆ ದುಡ್ಡಿನಲ್ಲಿ ಹೊರರೋಗಿ ಚಿಕಿತ್ಸೆ, ಔಷಧಿ ಎರಡೂ ಸೇರಿವೆ. ಅವಲಂಬಿತ ಕುಟುಂಬದವರಿಗೂ ಅನ್ವಯಿಸುತ್ತದೆ. ಮೊದಲು ನಿಮ್ಮ ಹೆಸರಿರುವ ಡಿಸ್ಪೆನ್ಸರಿಗೆ ಹೋಗಿ, ಅಲ್ಲಿಂದ ರೆಫರಲ್ ಪಡೆದು ತಜ್ಞರ ಬಳಿ ಹೋಗುವುದು ಕ್ರಮ. ರಾಜಾಜಿನಗರದಲ್ಲೂ ಕಲಬುರಗಿಯಲ್ಲೂ ಇಎಸ್‌ಐ ನಿಗಮದ ವೈದ್ಯಕೀಯ ಕಾಲೇಜು ಆಸ್ಪತ್ರೆಗಳೇ ಇವೆ.

ಕ್ಯೂ ಉದ್ದ ಎಂಬ ಗೊಣಗಾಟ ನ್ಯಾಯವಾದದ್ದೇ. ಆದರೆ ಗಾರ್ಮೆಂಟ್ಸಿನಲ್ಲಿ, ಬಣ್ಣದ ಘಟಕದಲ್ಲಿ, ರಾಸಾಯನಿಕಗಳ ನಡುವೆ ದುಡಿದು ಕೈ ಬಿರುಕು ಬಿಟ್ಟವರು ಒಂದು ಸಂಗತಿ ತಿಳಿದಿರಬೇಕು: ಕೆಲಸದಿಂದ ಬರುವ ಚರ್ಮರೋಗಗಳೂ ಕಾನೂನಿನ ವೃತ್ತಿಜನ್ಯ ಕಾಯಿಲೆಗಳ ಪಟ್ಟಿಯಲ್ಲಿವೆ. ವೈದ್ಯರು ಕೇಳದಿದ್ದರೂ ನೀವು ಮಾಡುವ ಕೆಲಸ ಏನೆಂದು ಹೇಳಿ, ಚೀಟಿಯಲ್ಲಿ ಬರೆಸಿ.

'ಸ್ಕಿನ್ ಕ್ಲಿನಿಕ್ ಅಂದ ಮೇಲೆ ಸ್ಕಿನ್ ಡಾಕ್ಟರೇ ಇರ್ತಾರೆ'

ಇರಲೇಬೇಕೆಂದಿಲ್ಲ. ಬೋರ್ಡಿನಲ್ಲಿ ಚರ್ಮರೋಗದ ಎಂ.ಡಿ., ಡಿ.ಎನ್.ಬಿ. ಅಥವಾ ಡಿಪ್ಲೊಮಾ ಇದೆಯೇ, ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇದೆಯೇ ನೋಡಿಕೊಳ್ಳಿ. ಮೈಬಣ್ಣ ತಿಳಿಯಾಗಿಸುವ, ಕೂದಲು ನಾಟಿ ಮಾಡುವ ಸೌಂದರ್ಯ ಚಿಕಿತ್ಸೆಗೆ ಈ ಯಾವ ವಿಮೆಯೂ ದುಡ್ಡು ಕೊಡುವುದಿಲ್ಲ. 'ಮಾಡಿಸಿಕೊಡ್ತೀವಿ' ಎಂದವರನ್ನು ನಂಬಬೇಡಿ.

'ಅಷ್ಟೆಲ್ಲ ಯಾಕೆ, ಮೆಡಿಕಲ್ ಸ್ಟೋರಲ್ಲಿ ಒಂದು ಟ್ಯೂಬ್ ತಗೊಂಡ್ರೆ ಆಯ್ತು'

ಎಲ್ಲಕ್ಕಿಂತ ದುಬಾರಿ ನಂಬಿಕೆ ಇದು. ಅಂಗಡಿಯವರು ಕೊಡುವ ಹಲವು ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಹಚ್ಚಿದ ಎರಡೇ ದಿನಕ್ಕೆ ತುರಿಕೆ ನಿಲ್ಲುತ್ತದೆ, ಗಜಕರ್ಣದ ಶಿಲೀಂಧ್ರ ಮಾತ್ರ ಒಳಗೊಳಗೇ ಹಬ್ಬುತ್ತದೆ. ನಿಲ್ಲಿಸಿದೊಡನೆ ಕಂಕುಳು, ತೊಡೆಸಂದು, ಮುಖಕ್ಕೂ ಹರಡಿ ಮರಳುತ್ತದೆ. ತಿಂಗಳುಗಟ್ಟಲೆ ಹಚ್ಚಿದವರ ಚರ್ಮ ತೆಳ್ಳಗಾಗಿ ಗೆರೆ ಬೀಳುತ್ತದೆ. ಒಂದು ವಾರದಲ್ಲಿ ತೋರಿಸಿದ್ದರೆ ಕೆಲವು ವಾರಗಳಲ್ಲಿ ಗುಣವಾಗುತ್ತಿದ್ದ ಗಜಕರ್ಣ ಹೀಗೆ ವರ್ಷಾನುಗಟ್ಟಲೆ ಕಾಡುತ್ತದೆ. ತೋರಿಸಲು ಹೋಗುವಾಗ ಹಚ್ಚಿದ ಟ್ಯೂಬನ್ನೂ ಜೊತೆಗೆ ಒಯ್ಯಿರಿ.

'ಬಿಳಿ ಮಚ್ಚೆ ಅಂದರೆ ಕುಷ್ಠ, ದೊಡ್ಡ ಆಸ್ಪತ್ರೆಯೇ ಬೇಕು'

ತೊನ್ನು ಕುಷ್ಠವಲ್ಲ, ಅಂಟುವುದೂ ಇಲ್ಲ. ಆದರೆ ಮಾಸಲು ಮಚ್ಚೆಯ ಮೇಲೆ ಮುಟ್ಟಿದರೆ, ಚುಚ್ಚಿದರೆ ಗೊತ್ತಾಗದಿದ್ದರೆ ಅದು ಕುಷ್ಠವಿರಬಹುದು, ಕೂಡಲೇ ತೋರಿಸಬೇಕು. ಅದಕ್ಕೆ ನಗರಕ್ಕೆ ಓಡಬೇಕಾಗಿಲ್ಲ, ವಿಮೆಯ ಪಟ್ಟಿಯನ್ನೂ ತಡಕಬೇಕಾಗಿಲ್ಲ. ಕುಷ್ಠದ ಬಹುಔಷಧ ಚಿಕಿತ್ಸೆ ಕಾಯಿಲೆಯ ಬಗೆ ನೋಡಿ 6 ಅಥವಾ 12 ತಿಂಗಳದ್ದು. ಅದರ ಮಾತ್ರೆಗಳು ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಉಚಿತವಾಗಿ ಸಿಗುತ್ತವೆ, ಯಾವ ಕಾರ್ಡೂ ಇಲ್ಲದೆ.