ಮಳೆಗೆ ನೆನೆದ ಜೋಳದಲ್ಲಿತ್ತು ವಿಷ

ಹೈದರಾಬಾದ್: ಊರಿನಿಂದ ಬಂದ ಜೋಳದ ಚೀಲ ಬಿಚ್ಚಿದಾಗ ಕಾಳು ಕಪ್ಪಾಗಿದ್ದರೆ 'ತೊಳೆದು ಒಣಗಿಸಿದರಾಯಿತು' ಎನ್ನುವವರು ನಗರದ ಕನ್ನಡಿಗರಲ್ಲೂ ಇದ್ದಾರೆ. ಅವರು 1995ರ ಸಂಗತಿ ತಿಳಿದಿರುವುದು ಒಳ್ಳೆಯದು.

ಆಗ ಅಕಾಲಿಕ ಮಳೆಗೆ ಸಿಕ್ಕಿ ಕರ್ನಾಟಕ ಹಾಗೂ ಅಂದಿನ ಆಂಧ್ರಪ್ರದೇಶದ ಹಳ್ಳಿಗಳಲ್ಲಿ ಜೋಳ, ಮೆಕ್ಕೆಜೋಳಕ್ಕೆ ಬೂಷ್ಟು ಹಿಡಿಯಿತು. ಬೇರೆ ಕಾಳು ಕೊಳ್ಳಲಾಗದ ಬಡವರು ಅದನ್ನೇ ತಿಂದರು. ಹೊಟ್ಟೆನೋವು, ಹೊಟ್ಟೆ ಗುಡುಗುಡು, ಭೇದಿ ಶುರುವಾಯಿತು. ತಾರ್ನಾಕದ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಡಾ. ರಮೇಶ್ ವಿ. ಭಟ್ ಮತ್ತು ಸಂಗಡಿಗರು ತನಿಖೆ ನಡೆಸಿದಾಗ 27 ಹಳ್ಳಿಗಳಲ್ಲಿ ಈ ಕಾಯಿಲೆ ಕಂಡುಬಂತು. ಕೆಟ್ಟ ಕಾಳಿನಲ್ಲಿ ಫ್ಯುಸೇರಿಯಂ ಶಿಲೀಂಧ್ರದ ವಿಷವಾದ ಫ್ಯುಮೊನಿಸಿನ್ ಇತ್ತು. ಅದನ್ನು ಕೋಳಿಮರಿಗಳಿಗೆ ತಿನ್ನಿಸಿದರೆ ಅವಕ್ಕೂ ಭೇದಿ! ತಿನ್ನುವುದನ್ನು ಬಿಟ್ಟ ಜನ ಗುಣವಾದರು.

ಗೋಧಿಯೂ ಇದಕ್ಕೆ ಹೊರತಲ್ಲ. 1987ರಲ್ಲಿ ಕಾಶ್ಮೀರ ಕಣಿವೆಯಲ್ಲಿ ಮಳೆಗೆ ಕೆಟ್ಟ ಗೋಧಿ ತಿಂದವರ ಹೊಟ್ಟೆಬೇನೆಗೂ ಇದೇ ಬಗೆಯ ಶಿಲೀಂಧ್ರವಿಷವೇ ಕಾರಣವೆಂದು ತೋರಿಸಿದ್ದು ಇದೇ ಸಂಸ್ಥೆ.

ಹೆಂಚಿನ ಬಿಸಿಗೆ ಈ ವಿಷ ಪೂರ್ತಿ ಹೋಗುವುದಿಲ್ಲ. ಹಿಂಗಾರಿ ಮಾಲದಂಡಿ ಒಣಹವೆಯಲ್ಲಿ ಕೊಯ್ಲಿಗೆ ಬರುವುದರಿಂದ ಭಯ ಕಡಿಮೆ. ಮುಂಗಾರಿ ಜೋಳವನ್ನು ಮಾತ್ರ ಗಿರಣಿಗೆ ಕಳುಹಿಸುವ ಮುನ್ನ ಮೊರದಲ್ಲಿ ಹರಡಿ ನೋಡಬೇಕು. ಬೂಷ್ಟು ಹಿಡಿದು ಕಪ್ಪು, ಗುಲಾಬಿ ಬಣ್ಣಕ್ಕೆ ತಿರುಗಿದ ಕಾಳನ್ನು ಎಸೆಯಬೇಕು, ದನಕರುಗಳಿಗೂ ಹಾಕಬಾರದು.