‘ಇರ್ತಲೆ’ ಎಂಬ ಹೆಸರು: ಜನಪದ ನಾಮಕರಣ ಮತ್ತು ಜೀವಿವರ್ಗೀಕರಣ

ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕು ಕನ್ನಡ, ತಮಿಳು ಮತ್ತು ಮಲಯಾಳಂ ಭಾಷಾಪ್ರದೇಶಗಳು ಕೂಡುವ ಎಡೆ. ಪಶ್ಚಿಮಘಟ್ಟದ ಮಳೆನೆರಳಿಗೆ ಸೇರಿದ ಈ ಜಿಲ್ಲೆಯ ಬಯಲುಗಳ ಸಡಿಲ ಮಣ್ಣಿನಲ್ಲಿ ಬದುಕುವ ಹಾವೊಂದಕ್ಕೆ ಕನ್ನಡದಲ್ಲಿ ‘ಮಣ್ಣುಮುಕ್ಕ’ ಎಂದೂ ‘ಇರ್ತಲೆ’ ಅಥವಾ ‘ಎರಡು ತಲೆ ಹಾವು’ ಎಂದೂ ಹೆಸರುಗಳಿವೆ. ತಮಿಳಿನಲ್ಲಿ ಇದು ‘ಮಣ್ಣುಳಿ ಪಾಂಬು’, ಮಲಯಾಳಂನಲ್ಲಿ ‘ಇರುತಲಮೂರಿ’. ಒಂದು ಬಗೆಯ ಹೆಸರು ಜೀವಿಯ ನೆಲೆಯನ್ನು ಹೇಳಿದರೆ ಇನ್ನೊಂದು ಅದರ ಆಕಾರವನ್ನು ಹೇಳುತ್ತದೆ. ‘ಇರ್ವರ್’, ‘ಇರ್ಕೆಲ’ ಎಂಬ ಹಳಗನ್ನಡ ರೂಪಗಳಲ್ಲಿರುವ ಸಂಖ್ಯಾವಾಚಿ ‘ಇರ್’ ಇಲ್ಲಿಯೂ ಉಳಿದುಬಂದಿದೆ. ಈ ಹೆಸರು ಯಾವ ಯಾವ ಜೀವಿಗಳನ್ನು ಸುತ್ತುವರಿದಿದೆ, ಅದನ್ನು ಹೇಗೆ ಅರ್ಥೈಸಬೇಕು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗ್ರೀಕರ ಪುರಾಣಕಲ್ಪನೆಯಲ್ಲಿ ‘ಆಂಫಿಸ್‌ಬೈನಾ’ ಎಂಬ ಸರ್ಪವಿದೆ. ‘ಎರಡೂ ಕಡೆಗೆ ನಡೆಯುವುದು’ ಎಂಬುದು ಆ ಪದದ ಅರ್ಥ. ಕನ್ನಡದ ಹೆಸರು ಆಕಾರವನ್ನು ಹಿಡಿದರೆ ಗ್ರೀಕ್ ಹೆಸರು ಚಲನೆಯನ್ನು ಹಿಡಿದಿದೆ. 1758ರಲ್ಲಿ ಲಿನೇಯಸ್ ಈ ಪದವನ್ನೇ ‘ಆಂಫಿಸ್‌ಬೀನಾ’ ಎಂಬ ಕುಲನಾಮವಾಗಿ ಬಳಸಿ, ಆ ಜೀವಿಗಳನ್ನು ಹಾವುಗಳ ಸಾಲಿನಲ್ಲಿ ಇರಿಸಿದನು. ಇವು ‘ಹುಳುಹಲ್ಲಿ’ ಎಂದು ಕರೆಯಬಹುದಾದ ಸರೀಸೃಪಗಳು. ಮೈಮೇಲೆ ಎರೆಹುಳುವಿನಂತೆ ಉಂಗುರಗಳು, ಚರ್ಮದಡಿ ಅಡಗಿದ ಕಣ್ಣು, ಮೊಂಡು ಬಾಲ ಇವುಗಳ ಲಕ್ಷಣ. ಮೆಕ್ಸಿಕೋದ ‘ಬೈಪಿಸ್’ ಕುಲದವುಗಳಿಗೆ ಮುಂಗಾಲುಗಳುಂಟು, ಉಳಿದವುಗಳಿಗೆ ಕಾಲಿಲ್ಲ. ಹಾವುಗಳಲ್ಲಿ ಎಡ ಶ್ವಾಸಕೋಶ ಕುಗ್ಗಿದ್ದರೆ ಇವುಗಳಲ್ಲಿ ಬಲ ಶ್ವಾಸಕೋಶ ಕುಗ್ಗಿದೆ. ಈ ಶತಮಾನದ ಮೊದಲ ದಶಕದಿಂದ ನಡೆದ ಡಿ.ಎನ್.ಎ. ಅಧ್ಯಯನಗಳು ಇವು ಯುರೋಪು-ಆಫ್ರಿಕಗಳ ಲಾಸರ್ಟಿಡ್ ಹಲ್ಲಿಗಳಿಗೆ ಹತ್ತಿರದವು ಎಂದು ತೋರಿಸಿವೆ. ಸುಮಾರು 200 ಪ್ರಭೇದಗಳಿರುವ ಈ ಗುಂಪು ಭಾರತದಲ್ಲಿ ಇಲ್ಲ. ಪೂರ್ವಕ್ಕೆ ಅದರ ವ್ಯಾಪ್ತಿ ಅರೇಬಿಯಾ ಮತ್ತು ಇರಾನಿನ ನೈಋತ್ಯ ಭಾಗಕ್ಕೆ ಮುಗಿಯುತ್ತದೆ.

ನಮ್ಮ ಮಣ್ಣುಮುಕ್ಕ ಇದಕ್ಕೆ ಸಂಬಂಧಿಸಿದ ಜೀವಿಯಲ್ಲ. ಅದು ನಿಜವಾದ ಹಾವು. 1801ರಲ್ಲಿ ಪ್ಯಾಟ್ರಿಕ್ ರಸೆಲ್ ಇದಕ್ಕೆ ‘ಬೋವಾ ಜಾನಿಯೈ’ ಎಂದು ಹೆಸರಿಟ್ಟನು. ತರಂಗಂಬಾಡಿಯ ಜರ್ಮನ್ ಮಿಷನರಿ ಕ್ರಿಸ್ಟೋಫ್ ಸ್ಯಾಮ್ಯುಯೆಲ್ ಜಾನ್ ಅವರ ಗೌರವಾರ್ಥ ಇಟ್ಟ ಹೆಸರಿದು. ಇಂದು ಈ ಹಾವು ‘ಎರಿಕ್ಸ್’ ಕುಲದಲ್ಲಿದೆ. ವಿಷವಿಲ್ಲದ ಇದು ರಾತ್ರಿ ಸಂಚರಿಸುತ್ತದೆ, ಇಲಿಗಳನ್ನು ಸುತ್ತಿ ಬಿಗಿದು ಕೊಂದು ತಿನ್ನುತ್ತದೆ, ಮೊಟ್ಟೆಯಿಡದೆ ಮರಿಹಾಕುತ್ತದೆ. ಬಾಲವು ತುದಿಯವರೆಗೂ ದಪ್ಪವಾಗಿದ್ದು ಮೊಂಡಾಗಿರುತ್ತದೆ. ಅಪಾಯ ಕಂಡಾಗ ತಲೆಯನ್ನು ಸುರುಳಿಯೊಳಗೆ ಹುದುಗಿಸಿ ಬಾಲವನ್ನು ಮೇಲೆತ್ತುತ್ತದೆ. ದಾಳಿ ಬಾಲದ ಮೇಲೆ ಬಿದ್ದು ತಲೆ ಉಳಿಯುತ್ತದೆ. ಹೀಗೆ ‘ಇರ್ತಲೆ’ ಎಂಬುದು ಮೂಲತಃ ಹಾವಿನ ಆತ್ಮರಕ್ಷಣೆಯ ವಿಧಾನವನ್ನು ನೋಡಿ ಕೊಟ್ಟ ಹೆಸರೆಂದು ತಿಳಿಯಬಹುದು.

ಇದೇ ಹೆಸರು ಮೂರನೆಯ ಜೀವಿಗೂ ಸಂದಿದೆ. ರಸೆಲ್ ವಿಶಾಖಪಟ್ಟಣದಲ್ಲಿ ದಾಖಲಿಸಿದ ಪುಟ್ಟ ಹಾವೊಂದರ ತೆಲುಗು ಹೆಸರಿನ ಅರ್ಥ ‘ಎರಡು ತಲೆಗಳ ಹಾವು’ ಎಂದೇ. ಅದು ಎರೆಹುಳುವೆಂದು ಭ್ರಮೆ ಹುಟ್ಟಿಸುವ ಹುಳುಹಾವು. 1803ರಲ್ಲಿ ಡೌಡಿನ್ ಇದನ್ನೂ ‘ಎರಿಕ್ಸ್’ ಕುಲಕ್ಕೇ ಸೇರಿಸಿದ್ದನು. ಈಗ ಇದು ‘ಇಂಡೋಟಿಫ್ಲಾಪ್ಸ್ ಬ್ರಾಮಿನಸ್’. ಇರುವೆ ಮತ್ತು ಗೆದ್ದಲುಗಳ ಮೊಟ್ಟೆ, ಮರಿಗಳು ಇದರ ಆಹಾರ. ಇವುಗಳಲ್ಲಿ ಗಂಡಿಲ್ಲ, ಹೆಣ್ಣು ತಾನೇ ಸಂತಾನವನ್ನು ಪಡೆಯುತ್ತದೆ. ಆದ್ದರಿಂದಲೇ ಹೂಕುಂಡದ ಮಣ್ಣಿನೊಡನೆ ಸಾಗಿಹೋದ ಒಂದೇ ಹಾವು ಹೊಸ ನೆಲದಲ್ಲಿ ವಂಶವನ್ನು ಬೆಳೆಸಬಲ್ಲದು.

ಮೂರು ಬೇರೆ ಬೇರೆ ವಂಶಗಳು ಮಣ್ಣಿನೊಳಗಿನ ಬದುಕಿಗೆ ಒಗ್ಗಿ ಒಂದೇ ಬಗೆಯ ಆಕಾರವನ್ನು ತಳೆದಿವೆ. ಜನಪದ ನಾಮಕರಣವು ಕಣ್ಣಿಗೆ ಕಾಣುವ ಆಕಾರವನ್ನು ಗುರುತಿಸಿದರೆ ವರ್ಗೀಕರಣ ವಿಜ್ಞಾನವು ವಂಶಾವಳಿಯನ್ನು ಅರಸುತ್ತದೆ. ಎರಡೂ ತಮ್ಮ ನೆಲೆಯಲ್ಲಿ ಸರಿಯೇ. ಲಿನೇಯಸ್ ಮತ್ತು ಡೌಡಿನ್ ಅವರೂ ಆಕಾರಸಾಮ್ಯಕ್ಕೆ ಮಣಿದಿದ್ದರೆಂಬುದನ್ನು ನೆನೆದರೆ ಜನಪದ ಜ್ಞಾನವನ್ನು ಅಜ್ಞಾನವೆಂದು ತಳ್ಳಿಹಾಕಲು ಬರುವುದಿಲ್ಲ.

ತೊಡಕು ಹುಟ್ಟುವುದು ರೂಪಕವನ್ನು ವಾಚ್ಯಾರ್ಥವಾಗಿ ಗ್ರಹಿಸಿದಾಗ. ಆರು ತಿಂಗಳು ಒಂದು ತಲೆ, ಆರು ತಿಂಗಳು ಇನ್ನೊಂದು ತಲೆ ಕೆಲಸ ಮಾಡುತ್ತದೆಂಬ ನಂಬಿಕೆ, ಮನೆಗೆ ಐಶ್ವರ್ಯ ತರುತ್ತದೆಂಬ ಭ್ರಮೆ, ತೂಕ ಹೆಚ್ಚಿದಷ್ಟೂ ಬೆಲೆ ಹೆಚ್ಚೆಂಬ ವದಂತಿ ಇವೆಲ್ಲ ಕೂಡಿ ಈ ಹಾವನ್ನು ಕಳ್ಳಸಾಗಣೆಯ ಸರಕನ್ನಾಗಿಸಿವೆ. ಬಾಲಕ್ಕೆ ಗಾಯಮಾಡಿ ಕಣ್ಣು, ಬಾಯಿಗಳನ್ನು ಮೂಡಿಸುವ ಕ್ರೌರ್ಯವೂ ಉಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇದನ್ನು ಹಿಡಿಯುವುದೂ ಮಾರುವುದೂ ಅಪರಾಧ. ಇಲಿಗಳನ್ನು ತಿಂದು ಬೆಳೆಯನ್ನು ಉಳಿಸುವ ಹಾವು ಹೊಲದಿಂದ ಮರೆಯಾದರೆ ನಷ್ಟವಾಗುವುದು ರೈತನಿಗೇ.

ಈ ಹಿನ್ನೆಲೆಯಲ್ಲಿ ಕನ್ನಡ ಅಧ್ಯಯನಕಾರರ ಹೊಣೆಯೂ ಇದೆ. ನಿಘಂಟಿನಲ್ಲಿ ‘ಇರ್ತಲೆ’ ಪದಕ್ಕೆ ‘ಎರಡು ತಲೆಯುಳ್ಳ ಹಾವು’ ಎಂದಷ್ಟೇ ಅರ್ಥ ಬರೆದರೆ ಭ್ರಮೆಗೆ ಅಧಿಕೃತತೆ ಒದಗುತ್ತದೆ. ‘ತಲೆಯಂತೆ ಕಾಣುವ ಮೊಂಡು ಬಾಲದ, ವಿಷವಿಲ್ಲದ ಹಾವು’ ಎಂಬ ವಿವರಣೆ ಅಗತ್ಯ. ಅಂತೆಯೇ ‘ಆಂಫಿಸ್‌ಬೀನಾ’ ಪದವನ್ನು ಅನುವಾದಿಸುವಾಗ ‘ಇರ್ತಲೆ’ ಎನ್ನದೆ ‘ಹುಳುಹಲ್ಲಿ’ ಎಂದು ಬಳಸುವುದು ಯುಕ್ತ. ಕ್ಷೇತ್ರಕಾರ್ಯದಲ್ಲಿ ಪ್ರಾಣಿನಾಮಗಳನ್ನು ಸಂಗ್ರಹಿಸುವವರು ಹೆಸರಿನ ಜೊತೆಗೆ ಜೀವಿಯ ನೆಲೆ, ಗಾತ್ರ, ಆಹಾರ ಮತ್ತು ವರ್ತನೆಗಳ ಬಗ್ಗೆ ವಕ್ತೃಗಳು ಹೇಳುವುದನ್ನೂ ದಾಖಲಿಸಿದರೆ ಒಂದೇ ಹೆಸರಿನಡಿ ಅಡಗಿರುವ ಬೇರೆ ಬೇರೆ ಜೀವಿಗಳನ್ನು ಬಿಡಿಸಿ ಗುರುತಿಸಲು ಸಾಧ್ಯವಾಗುತ್ತದೆ.